ಚಿಕಿತ್ಸೆ ಎಲ್ಲಿಯವರೆಗೆ?

(ರಾಜ್ಯೋತ್ಸವ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣ)



ಉಪನ್ಯಾಸ ಮಾಡಬೇಕೆಂದು ಕಾರ್ಯದರ್ಶಿಗಳು ಬಂದು ಕೇಳಿದಾಗ ನಾವು ಮೊದಲಿಗೆ ಒಪ್ಪಲಿಲ್ಲ. ನಾವು ವೈದ್ಯರೂ ಅಲ್ಲ, ವಕೀಲರೂ ಅಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಕಾರಕೂನಿಕೆ ಮಾಡುವವರು. ಜಮೆ ಖರ್ಚುಗಳ ಎರಡು ಬದಿ ಸಾಯಂಕಾಲಕ್ಕೆ ಸರಿಹೊಂದಿದರೆ ನೆಮ್ಮದಿಯಿಂದ ಲೋಕಲ್ ಗಾಡಿ ಹಿಡಿಯುವವರು. ಆದರೆ ಎರಡು ಬದಿಯೂ ನ್ಯಾಯವಾಗಿಯೇ ಇದ್ದು, ಎಷ್ಟು ಕೂಡಿಸಿದರೂ ತಾಳೆಯಾಗದ ಲೆಕ್ಕಗಳೂ ಬಾಳಿನಲ್ಲಿ ಉಂಟು. ಅಂಥದೊಂದು ಲೆಕ್ಕ ನಮ್ಮ ಮನೆಯಲ್ಲಿ ಇನ್ನೂ ತೀರದೆ ಉಳಿದಿದೆ. ಅದನ್ನೇ ತಮ್ಮ ಮುಂದೆ ಇಡೋಣವೆಂದು ಕೊನೆಗೆ ಒಪ್ಪಿಕೊಂಡೆವು.

ಬಾಸಿಂಗ, ಬಾವುಟಗಳ ತಿಂಗಳಲ್ಲಿ ಸಾವಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಊರಿನಲ್ಲಿದ್ದರೆ ಇಂಥ ಮಾತನ್ನು ಆಡಲು ಕಟ್ಟೆಯಿದೆ, ಪಡಸಾಲೆಯಿದೆ, ಹಿರಿಯರಿದ್ದಾರೆ. ಪರನಾಡಿನಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡ ನಮಗೆ ಈ ಸಂಘವೇ ಕಟ್ಟೆ, ಈ ಸಂಘವೇ ಪಡಸಾಲೆ. ಇಲ್ಲಿ ಆಡದಿದ್ದರೆ ಆಸ್ಪತ್ರೆಯ ಓಣಿಯಲ್ಲಿ, ರಾತ್ರಿ ಎರಡು ಗಂಟೆಗೆ, ನಿಂತುಕೊಂಡು ಆಡಬೇಕಾಗುತ್ತದೆ. ಅದು ಮಾತಿಗೆ ತಕ್ಕ ಜಾಗವೂ ಅಲ್ಲ, ಹೊತ್ತೂ ಅಲ್ಲ.

ಪ್ರಶ್ನೆ ಇಷ್ಟೆ. ಗುಣವಾಗುವ ಆಸೆ ಉಳಿಯದ ರೋಗಿಯೊಬ್ಬರಿಗೆ ಚಿಕಿತ್ಸೆಯನ್ನು ಎಲ್ಲಿಯವರೆಗೆ ನಡೆಸಬೇಕು? ನಿಲ್ಲಿಸುವುದಾದರೆ ನಿಲ್ಲಿಸಿರೆಂದು ಹೇಳತಕ್ಕವರು ಯಾರು?

ಈ ಪ್ರಶ್ನೆ ಇಡೀ ಭಾರತದ ಪ್ರಶ್ನೆಯಾದದ್ದು ನಮ್ಮ ಈ ಮುಂಬಯಿಯಿಂದಲೇ, ಪರೇಲಿನ ಕೆ.ಇ.ಎಂ. ಆಸ್ಪತ್ರೆಯಿಂದ. ಅರುಣಾ ಶಾನಭಾಗ ಅವರ ಹೆಸರನ್ನು ಕೇಳದವರು ಇಲ್ಲಿ ವಿರಳ. ಅವರು ನಮ್ಮ ನಾಡಿನ ಹೆಣ್ಣುಮಗಳು, ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರು, ೧೯೪೮ರಲ್ಲಿ ಹುಟ್ಟಿದವರು. ನಮ್ಮ ನಿಮ್ಮಂತೆಯೇ ಬಾಳು ಕಟ್ಟಿಕೊಳ್ಳಲು ಮುಂಬಯಿಗೆ ಬಂದು ದಾದಿಯಾದರು. ಅದೇ ಆಸ್ಪತ್ರೆಯ ವೈದ್ಯರೊಬ್ಬರೊಡನೆ ಮದುವೆ ನಿಶ್ಚಯವಾಗಿತ್ತು. ೧೯೭೩ರ ನವೆಂಬರ್ ೨೭ರಂದು ಆಸ್ಪತ್ರೆಯ ಕೆಲಸಗಾರನೊಬ್ಬ ಆಕೆಯ ಕೊರಳಿಗೆ ನಾಯಿಯ ಸರಪಳಿ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಪ್ರಾಣವಾಯು ತಲುಪದೆ ಹೋಯಿತು. ಹಲ್ಲೆ, ದರೋಡೆಗಳ ಅಪರಾಧಕ್ಕಾಗಿ ಅವನಿಗೆ ಏಳು ವರ್ಷದ ಸೆರೆಯಾಯಿತು. ಆತ ಹೊರಗೆ ಬಂದ. ಆಕೆ ಮಾತ್ರ ಹಾಸಿಗೆಯಿಂದ ಏಳಲಿಲ್ಲ. ೨೦೧೫ರ ಮೇ ೧೮ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ನಾಲ್ವತ್ತೊಂದೂವರೆ ವರ್ಷ, ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು.

ಆ ಅವಧಿಯಲ್ಲಿ ಅವರನ್ನು ನೋಡಿಕೊಂಡವರು ಆಸ್ಪತ್ರೆಯ ದಾದಿಯರು. ಒಂದು ತಲೆಮಾರು ನಿವೃತ್ತವಾದರೆ ಮುಂದಿನ ತಲೆಮಾರು ಆ ಕೆಲಸಕ್ಕೆ ಕೈಯೊಡ್ಡಿತು. ಮೀಯಿಸಿದರು, ಮಗ್ಗುಲು ಬದಲಿಸಿದರು, ಅನ್ನವನ್ನು ನುಣ್ಣಗೆ ಮಾಡಿ ಬಾಯಿಗಿಟ್ಟರು. ಅಷ್ಟು ವರ್ಷ ಮಲಗಿದ ದೇಹಕ್ಕೆ ಒಂದು ಹಾಸಿಗೆ ಹುಣ್ಣೂ ಆಗಲಿಲ್ಲವೆಂಬ ಮಾತು ನ್ಯಾಯಾಲಯದ ತೀರ್ಪಿನಲ್ಲಿಯೇ ಕಾಣುತ್ತದೆ. ೧೯೮೦ರ ದಶಕದಲ್ಲಿ ನಗರಪಾಲಿಕೆಯು ಆ ಹಾಸಿಗೆಯನ್ನು ತೆರವು ಮಾಡಿಸಲು ಹೊರಟಾಗ ದಾದಿಯರು ಪ್ರತಿಭಟನೆಗೆ ಇಳಿದರು. ಪಾಲಿಕೆ ಹಿಂದೆ ಸರಿಯಿತು.

ಇನ್ನೊಂದು ಕಡೆ ಪತ್ರಕರ್ತೆ ಪಿಂಕಿ ವಿರಾನಿ ಅವರು. ಅರುಣಾ ಅವರ ಕತೆಯನ್ನು ೧೯೯೮ರಲ್ಲಿ ಪುಸ್ತಕವಾಗಿ ಬರೆದು ದೇಶಕ್ಕೆ ತಿಳಿಸಿದವರು ಅವರೇ. ೨೦೦೯ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿ, ಇದು ಬದುಕಲ್ಲ, ಉಣಿಸುವುದನ್ನು ನಿಲ್ಲಿಸಿ ಈಕೆಯನ್ನು ಶಾಂತಿಯಿಂದ ಹೋಗಗೊಡಿರಿ ಎಂದು ಬೇಡಿಕೊಂಡರು. ದಾದಿಯರು, ಈಕೆ ನಮ್ಮವಳು, ನಾವು ಸಾಕುತ್ತೇವೆ, ಬೇಸರವೆಂದು ನಾವು ಹೇಳಿಲ್ಲವಲ್ಲ ಎಂದರು.

೨೦೧೧ರ ಮಾರ್ಚ್ ೭ರಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಮತ್ತು ನ್ಯಾಯಮೂರ್ತಿ ಜ್ಞಾನಸುಧಾ ಮಿಶ್ರಾ ಅವರು ತೀರ್ಪು ಕೊಟ್ಟರು. ಅರ್ಜಿ ವಜಾ ಆಯಿತು. ಆಕೆಯ ಪರವಾಗಿ ಮಾತನಾಡುವ ಆಪ್ತರೆಂದರೆ ವರ್ಷಾನುಗಟ್ಟಲೆ ಆರೈಕೆ ಮಾಡಿದ ಆಸ್ಪತ್ರೆಯವರು ಎಂದಿತು ನ್ಯಾಯಾಲಯ. ಆದರೆ ಅದೇ ತೀರ್ಪಿನಲ್ಲಿ, ತಕ್ಕ ಸಂದರ್ಭದಲ್ಲಿ ಹೈಕೋರ್ಟಿನ ಒಪ್ಪಿಗೆ ಪಡೆದು, ಜೀವ ಹಿಡಿದಿಡುವ ಚಿಕಿತ್ಸೆಯನ್ನು ಹಿಂತೆಗೆಯಬಹುದು ಎಂಬ ದಾರಿಯನ್ನೂ ಮೊದಲ ಸಲ ತೆರೆಯಿತು. ಆ ದಿನ ದಾದಿಯರು ಸಿಹಿ ಹಂಚಿ, ಆಕೆಗೆ ಮರುಹುಟ್ಟು ಎಂದರು. ಸೋತ ಪಕ್ಷದ ವಿರಾನಿ ಅವರನ್ನೂ ನ್ಯಾಯಮೂರ್ತಿಗಳು ಗೌರವದಿಂದಲೇ ನೆನೆದರು. ಗೆದ್ದವರಲ್ಲಿಯೂ ಸೋತವರಲ್ಲಿಯೂ ಕರುಣೆಯನ್ನೇ ಕಂಡ ವ್ಯಾಜ್ಯವಿದು. ಒಂದು ಪಕ್ಷ ಸತ್ಯ, ಇನ್ನೊಂದು ಸುಳ್ಳು ಎಂಬ ಮೊಕದ್ದಮೆ ಇದಲ್ಲ.

ಈಗ ಎರಡು ಪಕ್ಷಗಳ ವಾದವನ್ನೂ ತಕ್ಕಡಿಯಲ್ಲಿ ಇಟ್ಟು ನೋಡೋಣ.

ನಿಲ್ಲಿಸಬಹುದೆನ್ನುವವರು ಹೇಳುವುದಿದು. ಯಂತ್ರಗಳು ಎಷ್ಟೋ ವೇಳೆ ಬದುಕನ್ನು ಬೆಳೆಸುವುದಿಲ್ಲ, ಸಾಯುವುದನ್ನು ಉದ್ದ ಮಾಡುತ್ತವೆ. ಎಚ್ಚರವುಳ್ಳ ಮನುಷ್ಯ ನನಗೆ ಶಸ್ತ್ರಕ್ರಿಯೆ ಬೇಡವೆಂದರೆ ವೈದ್ಯರು ಬಲವಂತ ಮಾಡುವಂತಿಲ್ಲ. ಎಚ್ಚರ ತಪ್ಪಿದೊಡನೆ ಆ ಹಕ್ಕು ಎಲ್ಲಿಗೆ ಹೋಯಿತು? ವಿಷದ ಸೂಜಿ ಚುಚ್ಚಿ ಕೊಲ್ಲುವುದು ಬೇರೆ, ಫಲವಿಲ್ಲದ ಚಿಕಿತ್ಸೆಯನ್ನು ಬಿಟ್ಟುಕೊಟ್ಟು ರೋಗವು ತನ್ನ ದಾರಿ ಹಿಡಿಯಗೊಡುವುದು ಬೇರೆ. ಮೊದಲನೆಯದು ನಮ್ಮ ದೇಶದಲ್ಲಿ ಈಗಲೂ ಅಪರಾಧವೇ. ಎರಡನೆಯದನ್ನೇ ನಿಷ್ಕ್ರಿಯ ದಯಾಮರಣ ಎನ್ನುತ್ತ ಬಂದಿದ್ದಾರೆ.

ಕೂಡದೆನ್ನುವವರ ಮಾತಿನಲ್ಲಿಯೂ ತೂಕವುಂಟು. ವೈದ್ಯರ ಅಂದಾಜೂ ತಪ್ಪುವುದುಂಟು. ನಮ್ಮದು ಬಡವರ ದೇಶ. ಇಲ್ಲಿ ಆಸೆ ತೀರುವ ಮೊದಲೇ ಹಣ ತೀರುತ್ತದೆ. ಗೌರವದ ಮರಣ ಎಂಬ ದೊಡ್ಡ ಹೆಸರಿನ ಕೆಳಗೆ ಬಿಲ್ಲಿನ ಭಯವೋ, ಹೊಲಮನೆಯ ಆಸೆಯೋ ಅಡಗಿ ಕೂತಿದ್ದರೆ ಕಂಡುಹಿಡಿಯುವವರು ಯಾರು? ಅಂಗವಿಕಲರು ಕೇಳುವ ಪ್ರಶ್ನೆ ಇನ್ನೂ ಆಳವಾದುದು. ಇಂಥ ಬದುಕು ಬದುಕಲು ಯೋಗ್ಯವಲ್ಲ ಎಂದು ಇಂದು ಮಲಗಿದವರ ಬಗ್ಗೆ ಹೇಳಿದವರು ನಾಳೆ ನಮ್ಮ ಬಗ್ಗೆ ಹೇಳುವುದಿಲ್ಲವೆ? ಅನ್ನ ನೀರುಗಳು ಚಿಕಿತ್ಸೆಯೇ ಅಲ್ಲ, ಅವು ಮನುಷ್ಯನು ಮನುಷ್ಯನಿಗೆ ಸಲ್ಲಿಸುವ ಋಣ ಎಂಬುದೂ ಅವರ ವಾದ. ಬದುಕುವ ಹಕ್ಕಿನೊಳಗೆ ಸಾಯುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ೧೯೯೬ರಲ್ಲಿ ಹೇಳಿತ್ತು. ಆದರೆ ಬಾಳಿನ ಸಹಜ ಕೊನೆಯಲ್ಲಿ ಗೌರವದಿಂದ ಸಾಯುವುದು ಬದುಕುವ ಹಕ್ಕಿನದೇ ಭಾಗ ಎಂದೂ ಆ ಪೀಠವೇ ಹೇಳಿತು.

ಕನ್ನಡಿಗರಾದ ನಮಗೆ ಈ ಚರ್ಚೆ ಹೊಸದೇನೂ ಅಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರ ನೆನಪಿನ ಶಾಸನಗಳು ಏಳನೆಯ ಶತಮಾನದಿಂದ ಸಾಲುಗಟ್ಟಿ ನಿಂತಿವೆ. ಅರುಣಾ ಅವರು ತೀರಿಕೊಂಡ ೨೦೧೫ರಲ್ಲಿಯೇ, ಆಗಸ್ಟ್ ತಿಂಗಳಲ್ಲಿ, ರಾಜಸ್ಥಾನದ ಹೈಕೋರ್ಟು ಆ ವ್ರತವನ್ನು ಆತ್ಮಹತ್ಯೆಗೆ ಸಮಾನವೆಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟು ಆ ಆಜ್ಞೆಗೆ ತಡೆ ಕೊಟ್ಟಿತು. ಆ ವ್ರತದ ಸರಿ ತಪ್ಪನ್ನು ತೂಗುವ ಯೋಗ್ಯತೆ ನಮಗಿಲ್ಲ. ಇಷ್ಟು ಮಾತ್ರ ಕಾಣುತ್ತದೆ: ಚಂದ್ರಗಿರಿಯ ಕಲ್ಲಿನಲ್ಲಿ ಹೆಸರು ಉಳಿದವರು ತಮ್ಮ ಸಂಕಲ್ಪವನ್ನು ತಾವೇ ಮಾಡಿದ್ದರು. ಅರುಣಾ ಅವರ ವಿಷಯದಲ್ಲಿ ದಾದಿಯರು ಹೇಳಿದರು, ವಿರಾನಿ ಹೇಳಿದರು, ನ್ಯಾಯಮೂರ್ತಿಗಳು ಹೇಳಿದರು. ಆಕೆಯೊಬ್ಬಳೇ ಹೇಳಲಾರದೆ ಹೋದಳು. ಇಪ್ಪತ್ತೈದು ವರ್ಷದ ಹುಡುಗಿಯನ್ನು ಯಾರು ತಾನೇ ಮುಂಚಿತವಾಗಿ ಕೇಳಿದ್ದಾರು?

ಇಲ್ಲಿಯವರೆಗೆ ಪತ್ರಿಕೆಯ ಮಾತಾಯಿತು. ಇನ್ನು ಮನೆಯ ಮಾತು.

ನಮ್ಮ ತಂದೆಯವರು ಗದಗ ಸೀಮೆಯ ಹಳ್ಳಿಯವರು, ಒಕ್ಕಲುತನದವರು. ಪಾರ್ಶ್ವವಾಯು ಬಡಿದಾಗ ಅಣ್ಣ ಅವರನ್ನು ಹುಬ್ಬಳ್ಳಿಗೆ ಒಯ್ದಿದ್ದ. ನಾವು ಇಲ್ಲಿಂದ ಫೋನು ಮಾಡಿ, ಮುಂಬಯಿಗೆ ತನ್ನಿರಿ, ಇಲ್ಲಿ ದೊಡ್ಡ ದೊಡ್ಡ ಡಾಕ್ಟರರಿದ್ದಾರೆ ಎಂದು ಹಟ ಹಿಡಿದೆವು. ತಂದರು. ಮೂರನೆಯ ದಿನ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಯಿತು; ಉಸಿರಾಟದ ಯಂತ್ರ ಹಾಕಿದರು. ಒಂಬತ್ತನೆಯ ದಿನ ಹಿರಿಯ ಡಾಕ್ಟರು ನಮ್ಮನ್ನು ಒಳಗೆ ಕರೆದು ಕೂಡಿಸಿಕೊಂಡರು. ಮಿದುಳಿಗಾದ ಪೆಟ್ಟು ದೊಡ್ಡದು, ಎಚ್ಚರ ಬರುವ ಲಕ್ಷಣ ಕಾಣುವುದಿಲ್ಲ, ಯಂತ್ರ ಮುಂದುವರಿಸುವುದಾದರೆ ಗಂಟಲಿಗೆ ರಂಧ್ರ ಮಾಡಿ ನಳಿಗೆ ಇಡಬೇಕಾಗುತ್ತದೆ ಎಂದರು. ಆಮೇಲೆ ಮೆಲ್ಲಗೆ ಕೇಳಿದರು: “ನಿಮ್ಮ ತಂದೆಯವರು ಇಂಥದರ ಬಗ್ಗೆ ಎಂದಾದರೂ ಏನಾದರೂ ಹೇಳಿದ್ದರೆ?”

ಅಣ್ಣ, ಅಕ್ಕ, ನಾವು ಮುಖ ಮುಖ ನೋಡಿಕೊಂಡೆವು. ತಂದೆಯವರು ಯಾವ ಅಂಗಡಿಯ ತಂಬಾಕು ತರುತ್ತಿದ್ದರು, ಹತ್ತಿ ಯಾವ ಧಾರಣೆಗೆ ಬಂದರೆ ಮಾರುತ್ತಿದ್ದರು, ಯಾವ ಎತ್ತಿಗೆ ಯಾವ ಹೆಸರಿಟ್ಟಿದ್ದರು, ಎಲ್ಲ ಗೊತ್ತು. ಇದೊಂದು ಗೊತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಅಣ್ಣ, “ಅಪ್ಪನ್ನ ಊರಿಗೆ ಒಯ್ಯೂಣು. ಅವನ ಪಡಸಾಲ್ಯಾಗ, ಅವನ ಹಾಸಿಗಿ ಮ್ಯಾಲೆ ಹೋಗ್ಲಿ” ಎಂದ. ನಾವು, ಏನೇನು ಇದೆಯೋ ಎಲ್ಲವನ್ನೂ ಮಾಡಿಸಬೇಕು ಎಂದೆವು. ಮಾತು ಬೆಳೆಯಿತು. “ನಿನಗ ಖರ್ಚಿನ ಚಿಂತಿ ಹತ್ತೇದ” ಎಂದು ಆಡಬಾರದ ಮಾತನ್ನು ಆಡಿಬಿಟ್ಟೆವು. ಅಣ್ಣ ಮರುಮಾತಾಡಲಿಲ್ಲ. ಅಕ್ಕ, “ಅವ್ವನ್ನ ಒಂದು ಮಾತು ಕೇಳ್ರೋ” ಎಂದಳು. ಅವ್ವ ಊರಲ್ಲಿದ್ದಳು, ಅಪ್ಪ ಆರಾಮಾಗುತ್ತಿದ್ದಾನೆ ಎಂದೇ ಆಕೆಗೆ ಹೇಳಿದ್ದೆವು. ಹೀಗೆ ಕೇಳಬೇಕಾದ ಒಬ್ಬರು ಎಚ್ಚರ ತಪ್ಪಿ ಮಲಗಿದ್ದರು, ಇನ್ನೊಬ್ಬರಿಗೆ ನಾವೇ ಸುಳ್ಳು ಹೇಳಿಕೊಂಡು ಕೂತಿದ್ದೆವು.

ಗಂಟಲಿನ ರಂಧ್ರವಾಯಿತು. ಹದಿನೇಳನೆಯ ದಿನ ನಸುಕಿನಲ್ಲಿ ಹೃದಯ ನಿಂತಿತು. ನಮ್ಮ ಜಗಳ ಮುಗಿದಿರಲಿಲ್ಲ. ಆ ಹೊತ್ತಿಗೆ ಅವರ ಹತ್ತಿರ ನಮ್ಮವರೆಂಬವರು ಯಾರೂ ಇರಲಿಲ್ಲ. ಒಳಗೆ ಬಿಡುವ ವೇಳೆಯಾಗಿರಲಿಲ್ಲ. ಅಣ್ಣ ಅತ್ತಿಗೆಯ ಬಳೆಗಳನ್ನು ಗದಗಿನ ಬ್ಯಾಂಕೊಂದರಲ್ಲಿ ಒತ್ತೆಯಿಟ್ಟು ಹಣ ತಂದಿದ್ದನೆಂಬುದು ದಿನಕರ್ಮಗಳೆಲ್ಲ ಮುಗಿದ ಮೇಲೆ ನಮಗೆ ತಿಳಿಯಿತು. ಖರ್ಚಿನ ಚಿಂತೆಯವನು ಮಾಡುವ ಕೆಲಸವಲ್ಲ ಅದು.

ನಾವು ಹೇಳಿದ್ದು ತಪ್ಪೆ, ಅಣ್ಣ ಹೇಳಿದ್ದು ತಪ್ಪೆ? ಈ ಪ್ರಶ್ನೆಯನ್ನು ಬಹಳ ದಿನ ತಿರುವಿ ಹಾಕಿದೆವು. ಒಂದು ಮಾತನ್ನು ಮಾತ್ರ ಒಪ್ಪಿಕೊಳ್ಳಬೇಕು. ಊರು ಬಿಟ್ಟು ಬಂದವರು ಎಲ್ಲ ಚಿಕಿತ್ಸೆಯೂ ನಡೆಯಲಿ ಎನ್ನುವಾಗ ಅದರಲ್ಲಿ ರೋಗಿಯ ಹಿತದ ಜೊತೆಗೆ ನಮ್ಮದೊಂದು ಬಾಕಿಯೂ ಸೇರಿರುತ್ತದೆ. ಹನ್ನೆರಡು ವರ್ಷ ಹಬ್ಬಕ್ಕೊಮ್ಮೆ ಮುಖ ತೋರಿಸಿ ಬಂದ ಲೆಕ್ಕವನ್ನು ಹದಿನೇಳು ದಿನದಲ್ಲಿ ಜಮೆ ಮಾಡಲು ಹೊರಟಿದ್ದೆವು. ಆ ಬಾಕಿಯನ್ನು ತಂದೆಯವರ ಗಂಟಲಿನಿಂದ ವಸೂಲು ಮಾಡಿದ ಹಾಗಾಯಿತೇನೋ ಎಂದು ಕೆಲವು ರಾತ್ರಿ ಅನಿಸುತ್ತದೆ. ಕೆಲವು ರಾತ್ರಿ, ಅಪ್ಪ ಕಣ್ಣು ತೆರೆದಿದ್ದರೆ ಎಂದೂ ಅನಿಸುತ್ತದೆ.

ನಮಗೆ ಬೇಕಾಗಿದ್ದುದು ದೊಡ್ಡ ಸಿದ್ಧಾಂತವಲ್ಲ, ಅವರದೇ ಒಂದು ಮಾತು. ಅಂಥ ಮಾತನ್ನು ಮುಂಚಿತವಾಗಿ ಬರೆದಿಡಲು ಈಗ ಕಾನೂನಿನಲ್ಲಿಯೇ ದಾರಿಯಿದೆ. ೨೦೧೮ರ ಮಾರ್ಚ್ ೯ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ, ಗೌರವದಿಂದ ಸಾಯುವುದು ಬದುಕುವ ಹಕ್ಕಿನ ಭಾಗವೆಂದು ಸಾರಿ, ಲಿವಿಂಗ್ ವಿಲ್ ಎಂಬ ಪತ್ರಕ್ಕೆ ಮಾನ್ಯತೆ ಕೊಟ್ಟಿತು. ಮೊದಲಿಗೆ ಅದಕ್ಕೆ ಮ್ಯಾಜಿಸ್ಟ್ರೇಟರ ರುಜು ಬೇಕಿತ್ತು. ಅದು ಜನಸಾಮಾನ್ಯರಿಗೆ ಎಟುಕುವಂತಿರಲಿಲ್ಲ. ೨೦೨೩ರ ಜನವರಿಯಲ್ಲಿ ನಿಯಮವನ್ನು ಸಡಿಲಿಸಿದರು. ಈಗ ವಯಸ್ಕರಾದ, ಬುದ್ಧಿ ಸ್ಥಿಮಿತದಲ್ಲಿರುವ ಯಾರೂ ತಮ್ಮ ಇಚ್ಛೆಯಿಂದ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತಮ್ಮ ಪರವಾಗಿ ಮಾತನಾಡತಕ್ಕ ಆಪ್ತರ ಹೆಸರುಗಳನ್ನು ಅದರಲ್ಲಿ ಬರೆಯಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು.

ಪತ್ರವಿದೆಯೆಂದು ಮಕ್ಕಳು ಹೇಳಿದೊಡನೆ ಯಂತ್ರ ನಿಲ್ಲಿಸುವುದಿಲ್ಲ. ರೋಗಿ ಗುಣವಾಗುವ ಆಸೆಯಿಲ್ಲದ ಸ್ಥಿತಿಗೆ ಬಂದು, ತಾವೇ ನಿರ್ಧರಿಸಲಾರದಾದಾಗ ಮಾತ್ರ ಅದಕ್ಕೆ ಬೆಲೆ. ಆಸ್ಪತ್ರೆಯ ಮೂವರು ವೈದ್ಯರ ಮಂಡಲಿ ಪರೀಕ್ಷಿಸಬೇಕು. ಅದರ ಮೇಲೆ, ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿ ಹೆಸರಿಸಿದ ವೈದ್ಯರೊಬ್ಬರನ್ನು ಒಳಗೊಂಡ ಎರಡನೆಯ ಮಂಡಲಿ ಒಪ್ಪಬೇಕು. ಎರಡೂ ಸಾಧ್ಯವಾದ ಮಟ್ಟಿಗೆ ೪೮ ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಪತ್ರವೇ ಇಲ್ಲದಿದ್ದರೂ ಮನೆಯವರ ಒಪ್ಪಿಗೆಯಿಂದ ಇದೇ ಕ್ರಮ ನಡೆಯುತ್ತದೆ. ಆಸೆಬುರುಕರ ಭಯವನ್ನು ಹೇಳಿದೆವಲ್ಲ, ಅದಕ್ಕೆ ಹಾಕಿದ ಬೇಲಿ ಇದು. ಕರ್ನಾಟಕ ಸರಕಾರವೂ ೨೦೨೫ರ ಜನವರಿಯಲ್ಲಿ ಈ ಕ್ರಮವನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಊರಿನಲ್ಲಿ ವೃದ್ಧ ತಾಯಿತಂದೆಯರು ಇರುವವರು ಇದನ್ನು ಗಮನಿಸಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕು. ಚಿಕಿತ್ಸೆ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ನೋವು ತಡೆಯುವ ಔಷಧ, ಬಾಯಿ ಒಣಗದಂತೆ ನೋಡಿಕೊಳ್ಳುವುದು, ಕೈ ಹಿಡಿದು ಕೂಡುವುದು, ಇವು ಕೊನೆಯ ಉಸಿರಿನವರೆಗೆ ನಡೆಯತಕ್ಕವು. ಇದೇ ಒಂದು ಶಾಸ್ತ್ರವಾಗಿ ಬೆಳೆದಿದೆ. ನಮ್ಮ ಬಾಂದ್ರಾದಲ್ಲಿ ೧೯೮೬ರಲ್ಲಿ ಆರಂಭವಾದ ಶಾಂತಿ ಆವೇದನಾ ಸದನ, ಬೆಂಗಳೂರಿನ ಕರುಣಾಶ್ರಯ, ಇವು ಗುಣವಾಗದ ಕ್ಯಾನ್ಸರ್ ರೋಗಿಗಳಿಗಾಗಿಯೇ ಈ ಕೆಲಸ ಮಾಡುತ್ತ ಬಂದಿವೆ. ನಮ್ಮ ಅಣ್ಣ ಬೇಡಿದ್ದು ಹೆಚ್ಚುಕಡಿಮೆ ಇದನ್ನೇ. ಅದಕ್ಕೆ ಹೆಸರಿದೆ, ದಾರಿಯಿದೆ ಎಂಬುದು ಅವನಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಬ್ಯಾಂಕಿನಲ್ಲಿ ಖಾತೆ ತೆರೆಯುವವರಿಗೆಲ್ಲ ನಾವು ಕೇಳುತ್ತೇವೆ: ನಾಮಿನಿ ಯಾರು? ಮೊದಲ ಸಲ ಕೇಳಿದಾಗ ಕೆಲವರ ಮುಖ ಸಣ್ಣದಾಗುತ್ತದೆ. ಆದರೂ ಬರೆಯುತ್ತಾರೆ. ನಾಮಿನಿಯೆಂದರೆ ಹಣದ ಒಡೆಯನಲ್ಲ, ವಾರಸುದಾರರ ಪರವಾಗಿ ಹಣವನ್ನು ಪಡೆದುಕೊಳ್ಳುವವನು ಅಷ್ಟೆ. ಈ ಪತ್ರದಲ್ಲಿ ಹೆಸರಿಸಿದ ಆಪ್ತರೂ ಹಾಗೆಯೇ. ತಮ್ಮ ಇಷ್ಟವನ್ನಲ್ಲ, ಮಲಗಿದವರ ಇಷ್ಟವನ್ನು ತಲುಪಿಸತಕ್ಕವರು. ಹತ್ತು ಸಾವಿರದ ಠೇವಣಿಗೆ ಕೇಳುವ ಪ್ರಶ್ನೆಯನ್ನು ಹೆತ್ತವರ ಉಸಿರಿಗೆ ಕೇಳದೆ ಇದ್ದೆವಲ್ಲ!

ಅವ್ವ ಈಗ ವರ್ಷದ ಅರ್ಧಭಾಗ ನಮ್ಮಲ್ಲಿ ಇರುತ್ತಾಳೆ. ಒಂದು ಭಾನುವಾರ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಧೈರ್ಯ ಮಾಡಿ ಕೇಳಿದೆವು. ಕೈ ನಿಲ್ಲಿಸದೆ, “ಇದನ್ನ ನಿಮ್ಮಪ್ಪಗ ಕೇಳಬೇಕಾಗಿತ್ತು” ಎಂದಳು. ಅಷ್ಟೆ. ಆ ದಿನ ಮತ್ತೆ ಮಾತಿಲ್ಲ. ನಾಲ್ಕು ದಿನ ಬಿಟ್ಟು, ನಾವು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, ತಾನೇ ಕರೆದು ಹೇಳಿದಳು: “ಬರಕೋ. ಗಂಟಲಕ್ಕ ತೂತು ಬ್ಯಾಡ. ಉಸಿರಿನ ಮಶೀನು ಹಾಕಿದರ, ನಿಮ್ಮಕ್ಕ ಬರೂತನಕ ಇಡ್ರಿ, ಆಮ್ಯಾಲೆ ತಗೀರಿ. ಬ್ಯಾನಿ ಆಗಧಂಗ ಔಷಧ ಕೊಡ್ರಿ. ಮತ್ತ ನನಗ ಆರಾಮದಿ ಅಂತ ಸುಳ್ಳು ಹೇಳಬ್ಯಾಡ್ರಿ.”

ಕಾಗದದಲ್ಲಿ ಆಪ್ತರ ಜಾಗದಲ್ಲಿ ನಮ್ಮ ಹೆಸರನ್ನು ಮೊದಲು ಬರೆದಿದ್ದೆವು. ಓದಿ ಹೇಳಿದಾಗ ಅವ್ವ, “ದೊಡ್ಡಾಂವನ ಹೆಸರು ಮೊದಲ ಹಾಕು” ಎಂದಳು. ತಿದ್ದಿ ಬರೆದೆವು. ಕನ್ನಡದಲ್ಲೊಂದು, ಇಲ್ಲಿಯ ನೋಟರಿಗೆ ತಿಳಿಯುವಂತೆ ಇಂಗ್ಲಿಷಿನಲ್ಲೊಂದು. ಒಂದು ಪ್ರತಿಯನ್ನು ಅಣ್ಣನಿಗೆ ಕಳಿಸಿದೆವು. ಆ ಮಾತಾದಾಗಿನಿಂದ ಕ್ಷೇಮ ಸಮಾಚಾರ ಬಿಟ್ಟು ಹೆಚ್ಚು ಮಾತಾಡದವನು ಅಂದು ರಾತ್ರಿ ತಾನಾಗಿ ಫೋನು ಮಾಡಿದ. ಅವ್ವನ ಕಾಗದದ ಬಗ್ಗೆ ಎಲ್ಲ ಮಾತಾಡಿ, ಕೊನೆಗೆ, “ಅಪ್ಪನ್ನ ಊರಿಗೆ ಒಯ್ದಿದ್ದರೂ ನನಗ ನಿದ್ದಿ ಬರ್ತಿತ್ತು ಅಂತ ಹೇಳಾಕ ಬರೂದಿಲ್ಲೋ” ಎಂದ. ನಮ್ಮ ಕ್ಷಮೆಯ ಮಾತನ್ನು ಅವನು ಪೂರಾ ಕೇಳಲಿಲ್ಲ. ಮಳೆಯ ವಿಷಯ ತೆಗೆದ.

ಸಭಿಕರೆ, ಬರೆದಿಟ್ಟರೆ ಎಲ್ಲ ಕಷ್ಟವೂ ತೀರುತ್ತದೆಂದು ನಾವು ಹೇಳುವುದಿಲ್ಲ. ಯಾವ ಸ್ಥಿತಿ ಬರುತ್ತದೋ, ಬರೆದ ಮಾತು ಅದಕ್ಕೆ ಹೊಂದುತ್ತದೋ ಇಲ್ಲವೋ. ಎಲ್ಲ ಚಿಕಿತ್ಸೆಯೂ ಕೊನೆಯವರೆಗೆ ನಡೆಯಲಿ ಎಂದು ತಮ್ಮ ಹಿರಿಯರು ಹೇಳಿದರೆ ಅದನ್ನೂ ಅಷ್ಟೇ ಗೌರವದಿಂದ ಬರೆದುಕೊಳ್ಳಿರಿ. ಅದೂ ಅವರ ಮಾತೇ. ನಿಲ್ಲಿಸಿರಿ ಎನ್ನಿಸಲು ಕೇಳಬೇಡಿರಿ, ತಿಳಿದುಕೊಳ್ಳಲು ಕೇಳಿರಿ. ಸಂಘದ ಕಾರ್ಯಕಾರಿ ಮಂಡಲಿಗೆ ಒಂದು ಬಿನ್ನಹ: ವರ್ಷಕ್ಕೊಂದು ಭಾನುವಾರ ಕನ್ನಡ ಬಲ್ಲ ವೈದ್ಯರೊಬ್ಬರನ್ನೂ ವಕೀಲರೊಬ್ಬರನ್ನೂ ಕರೆಸಿ, ಈ ಪತ್ರದ ನಮೂನೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಬೇಕು. ಆಸ್ಪತ್ರೆಯ ಓಣಿಯಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ತಡಕಾಡುವ ನಮಗೆ, ಈ ಒಂದು ಮಾತಾದರೂ ತಾಯಿನುಡಿಯಲ್ಲಿ, ಬೆಳಕಿರುವಾಗ, ಮನೆಯಲ್ಲಿ ಕೂತು ಆಡಲು ಸಿಗಲಿ.